ಅಪ್‌ಡೇಟ್ ಆದ ಮೇಲೆ ವಾಚಿನಲ್ಲಿ ಕರೆ ಬರುತ್ತಿಲ್ಲವಾ? ರೀಸೆಟ್‌ಗೆ ಕೈ ಹಾಕುವ ಮೊದಲು ಇಷ್ಟು ನೋಡಿ

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಮನೆಯಲ್ಲಿ ರೇಷ್ಮೆ ಬೆಳೆ. ಹುಳು ಮನೆಗೆ ಹೋಗುವ ಮುಂಚೆ ಅಮ್ಮ ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಬಾಗಿಲಲ್ಲಿ ಹಾಕಿರುವ ಸುಣ್ಣ ಬ್ಲೀಚಿಂಗ್ ಪುಡಿ ತುಳಿದು ಒಳಗೆ ಹೋಗುತ್ತಾರೆ. ಫೋನನ್ನು ಒಳಗೆ ತರುವುದಿಲ್ಲ. ಹತ್ತು ಜನರ ಕೈ ತಾಗುವ ವಸ್ತು ಅದು, ಹುಳುವಿಗೆ ರೋಗ ಬಂದರೆ ಇಡೀ ಬೆಳೆ ಹೋಗುತ್ತದೆ. ಅದಕ್ಕೇ ಅವರಿಗೆ ಮಾತಾಡಲು ಆಗುವ ಒಂದು ಸ್ಮಾರ್ಟ್‌ವಾಚ್ ತಂದುಕೊಟ್ಟೆ. ಒರೆಸಿ ಕಟ್ಟಿಕೊಂಡರೆ ಆಯಿತು. ಫೋನ್ ಹೊರಗೆ ಕಿಟಕಿಯಲ್ಲಿರುತ್ತದೆ, ಕರೆ ಕೈಗೆ ಬರುತ್ತದೆ.

ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಹುಳು ಸೊಪ್ಪು ಮುಕ್ಕುವ ಸಮಯ. ಅಂಥ ಒಂದು ರಾತ್ರಿ ವಾಚ್ ಚಾರ್ಜ್‌ಗೆ ಹಾಕಿದಾಗ ಹೊಸ ಸಾಫ್ಟ್‌ವೇರ್ ಬಂದಿದೆ ಅಂತ ತೋರಿಸಿತು. ನಾನೇ ಒತ್ತಿದೆ. ಬೆಳಗ್ಗೆ ಸೊಪ್ಪು ತರುವವರು ನಾಲ್ಕು ಸಲ ಕರೆ ಮಾಡಿದ್ದಾರೆ, ವಾಚ್ ಅಲ್ಲಾಡಲೇ ಇಲ್ಲ. "ಅವರು ಕರೆದಿದ್ದು ನನಗೆ ಗೊತ್ತೇ ಆಗಲಿಲ್ಲ ಕಣಪ್ಪಾ, ಹುಳು ಹಸಿದು ಕೂತಿವೆ" ಅಂದರು ಅಮ್ಮ.

ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆ. ವಾಚನ್ನು ಕೈಗೆ ತೆಗೆದುಕೊಳ್ಳದೆಯೇ "ರೀಸೆಟ್ ಮಾಡಿ" ಅಂದರು. ಮಾಡಿದೆ. ಅಮ್ಮ ಜೋಡಿಸಿಕೊಂಡಿದ್ದ ನಂಬರುಗಳೆಲ್ಲ ಹೋದವು, ಕರೆ ಮಾತ್ರ ಬರಲಿಲ್ಲ, ವಾಚಿನಿಂದ ಹೋಗಲೂ ಇಲ್ಲ. ಕೊನೆಗೆ ಸಿಕ್ಕ ಕಾರಣ ಎರಡು, ಎರಡೂ ಫೋನಿನಲ್ಲೇ ಇದ್ದವು. ವಾಚಿನಲ್ಲಿ ಏನೂ ಕೆಟ್ಟಿರಲಿಲ್ಲ. ಆಮೇಲೆ ಊರಿನಲ್ಲಿ, ನೆಂಟರಲ್ಲಿ ಇಂಥ ಹಲವು ವಾಚುಗಳನ್ನು ಸರಿಮಾಡಿದ್ದೇನೆ. ಹೆಚ್ಚಿನವು ಕೆಳಗಿನ ಹೆಜ್ಜೆಗಳಲ್ಲೇ ಸರಿಹೋದವು. ದುಡ್ಡು ಕೊಡುವ ಮೊದಲು, ರೀಸೆಟ್ ಒತ್ತುವ ಮೊದಲು ಅರ್ಧ ಗಂಟೆ ಇದಕ್ಕೆ ಕೊಡಿ.

ಕರೆ ಮಾಡುವುದು ವಾಚ್ ಅಲ್ಲ

ಇದೊಂದು ತಿಳಿದರೆ ಅರ್ಧ ಕೆಲಸ ಮುಗಿಯುತ್ತದೆ. ನಮ್ಮ ಕಡೆ ಜಾಸ್ತಿ ಜನ ಕಟ್ಟುವುದು ಬ್ಲೂಟೂತ್ ಕಾಲಿಂಗ್ ವಾಚ್. ಅದರೊಳಗೆ ಸಿಮ್ ಇಲ್ಲ. ಕರೆ ಮಾಡುವುದೂ ತೆಗೆಯುವುದೂ ಫೋನೇ. ವಾಚ್‌ಗೆ ಇರುವುದು ಒಂದು ಮೈಕು, ಒಂದು ಸ್ಪೀಕರು. ಫೋನಿನ ಲೆಕ್ಕದಲ್ಲಿ ಅದು ಒಂದು ಹೆಡ್‌ಸೆಟ್ ಅಷ್ಟೇ.

ಫೋನಿಗೂ ವಾಚಿಗೂ ನಡುವೆ ಎರಡು ದಾರಿ ಇರುತ್ತವೆ. ಒಂದು ಬ್ಯಾಟರಿ ಕಡಿಮೆ ತಿನ್ನುವ ಸಣ್ಣ ದಾರಿ. ಮೆಸೇಜು, ಹೆಜ್ಜೆಗಳ ಲೆಕ್ಕ, ಗಂಟೆ ಇವು ಅದರಲ್ಲಿ ಹೋಗುತ್ತವೆ. ಇನ್ನೊಂದು ಧ್ವನಿಯ ದಾರಿ, ಕರೆಯ ಮಾತು ಹೋಗುವುದು ಇದರಲ್ಲಿ. ಒಂದು ಕಡಿದುಹೋದರೂ ಇನ್ನೊಂದು ನಡೆಯುತ್ತಿರುತ್ತದೆ. ಮೆಸೇಜೆಲ್ಲ ಬರುತ್ತಿದೆ, ಕರೆ ಮಾತ್ರ ಇಲ್ಲ ಅನ್ನುವವರಿಗೆ ಕಡಿದಿರುವುದು ಈ ಎರಡನೇ ದಾರಿ. ಅಮ್ಮನ ವಾಚಿನಲ್ಲೂ ಹೀಗೇ ಆಗಿತ್ತು. ಮೆಸೇಜ್ ಬರುತ್ತಿದ್ದುದರಿಂದ ವಾಚ್ ಫೋನಿಗೆ ಸೇರಿಕೊಂಡೇ ಇದೆ ಅಂದುಕೊಂಡು ನಾನು ಒಂದು ದಿನ ಕಳೆದೆ.

ಸಾಫ್ಟ್‌ವೇರ್ ಕೂಡ ಒಂದೇ ಅಲ್ಲ, ಮೂರು. ವಾಚಿನದ್ದು, ಫೋನಿನದ್ದು, ಎರಡನ್ನೂ ಬೆಸೆಯುವ ಆ್ಯಪ್‌ನದ್ದು. ಇದರಲ್ಲಿ ಅಪ್‌ಡೇಟ್ ಆದದ್ದು ಯಾವುದು ಅಂತ ನೆನಪು ಮಾಡಿಕೊಳ್ಳಿ. ವಾಚ್ ಮುಟ್ಟಿಯೇ ಇಲ್ಲ, ಫೋನ್ ರಾತ್ರಿ ತಾನಾಗಿ ಅಪ್‌ಡೇಟ್ ಆಗಿದೆ ಅನ್ನುವುದೂ ಬಹಳ ಸಲ ಇರುತ್ತದೆ.

ಮೊದಲು ತೊಂದರೆ ಯಾವುದು ಅಂತ ಗುರುತಿಸಿ

ಮನೆಯಲ್ಲಿ ಇನ್ನೊಬ್ಬರ ಫೋನ್ ಇಟ್ಟುಕೊಳ್ಳಿ. ನಿಮ್ಮ ಫೋನನ್ನು ವಾಚಿನ ಪಕ್ಕದಲ್ಲೇ ಇಡಿ. ಒಂದು ಸಲ ಅವರು ನಿಮಗೆ ಕರೆ ಮಾಡಲಿ, ಒಂದು ಸಲ ನೀವು ವಾಚಿನಿಂದ ಅವರಿಗೆ ಮಾಡಿ. ಏನಾಗುತ್ತದೆ ನೋಡಿ.

ಫೋನ್ ಹೊಡೆದುಕೊಳ್ಳುತ್ತದೆ, ವಾಚ್ ಸುಮ್ಮನಿದೆ ಅಂದರೆ ಧ್ವನಿಯ ದಾರಿ ಅಥವಾ ಅನುಮತಿಯ ತೊಂದರೆ. ವಾಚಿನಲ್ಲಿ ಕರೆ ಬಂದು, ತೆಗೆದರೆ ಮಾತು ಫೋನಿನಲ್ಲೇ ಕೇಳಿಸಿದರೆ ಧ್ವನಿ ಬೇರೆ ಕಡೆ ತಿರುಗಿದೆ. ಒಳಬರುವ ಕರೆ ಸರಿ ಇದ್ದು ವಾಚಿನಿಂದ ಮಾಡಿದ್ದು ಮಾತ್ರ ತಕ್ಷಣ ಕಡಿದುಹೋದರೆ ಎರಡು ಸಿಮ್‌ನ ಭಾಗ ನೋಡಿ. ಹೆಸರಿನ ಜಾಗದಲ್ಲಿ ಬರೀ ನಂಬರ್ ಬಂದರೆ ಕಾಂಟ್ಯಾಕ್ಟ್ ಅನುಮತಿ ಹೋಗಿದೆ. ಅವರ ಮಾತು ನಿಮಗೆ ಕೇಳಿಸಿ, ನಿಮ್ಮದು ಅವರಿಗೆ ಕೇಳಿಸದಿದ್ದರೆ ಮೈಕಿನ ರಂಧ್ರ ನೋಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕರೆ ಮಾಡಿ ನೋಡಿ, ಆಮೇಲೆ ಮುಂದಿನದು. ಐದು ಸ್ವಿಚ್ ಒಟ್ಟಿಗೆ ಒತ್ತಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎರಡೂ ತಿಳಿಯುವುದಿಲ್ಲ.

ಹೆಜ್ಜೆ 1: ಫೋನ್ ಒಂದರಿಂದಲೇ ಕರೆ ಹೋಗುತ್ತಾ?

ವಾಚಿನ ಬ್ಲೂಟೂತ್ ಬಿಡಿಸಿ, ಫೋನಿನಿಂದ ನೇರ ಕರೆ ಮಾಡಿ. ಇಲ್ಲೇ ಹೋಗದಿದ್ದರೆ ವಾಚನ್ನು ಬೈದು ಪ್ರಯೋಜನವಿಲ್ಲ. ರೀಚಾರ್ಜ್ ಅವಧಿ ಮುಗಿದಿದೆಯಾ ನೋಡಿ. ಅಪ್‌ಡೇಟ್ ಆದ ದಿನವೇ ಪ್ಲಾನ್ ಮುಗಿದಿದ್ದ ಒಬ್ಬರು ನನ್ನ ಹತ್ತಿರ ಬಂದಿದ್ದರು. ಫೋನಿನ ಅಪ್‌ಡೇಟ್ ಆದ ಮೇಲೆ ವೋಲ್ಟಿ (4ಜಿ ಮೇಲೆ ಕರೆ ಮಾಡುವ ವ್ಯವಸ್ಥೆ) ಸ್ವಿಚ್ ಆಫ್ ಆಗಿದೆಯಾ ಅಂತಲೂ ನೋಡಿ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ, ವೋಲ್ಟಿ ಇಲ್ಲದೆ ಸಾಮಾನ್ಯ ಕರೆ ಹೋಗುವುದಿಲ್ಲ.

ಹೆಜ್ಜೆ 2: ಎರಡನ್ನೂ ಆಫ್ ಮಾಡಿ ಆನ್ ಮಾಡಿ

ಸಣ್ಣ ಕೆಲಸ, ಆದರೆ ಬಿಡಬೇಡಿ. ಫೋನ್, ವಾಚ್ ಎರಡನ್ನೂ ಪೂರ್ತಿ ಆಫ್ ಮಾಡಿ, ಫೋನ್ ಮೊದಲು ಆನ್ ಮಾಡಿ, ಆಮೇಲೆ ವಾಚ್. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಲ್ಲಿ ವಾಚಿನ ಆ್ಯಪ್‌ಗೂ ಅಪ್‌ಡೇಟ್ ಇದೆಯಾ ನೋಡಿ. ವಾಚ್ ಹೊಸದು, ಆ್ಯಪ್ ಹಳೆಯದು ಅಂತಾದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಹಾಗೇ ಡು ನಾಟ್ ಡಿಸ್ಟರ್ಬ್, ಏರ್‌ಪ್ಲೇನ್, ಥಿಯೇಟರ್ ಮೋಡ್ ಆನ್ ಆಗಿಲ್ಲ ಅಂತ ನೋಡಿಕೊಳ್ಳಿ. ಆ್ಯಪಲ್ ವಾಚಿನಲ್ಲಿ ಐಫೋನ್‌ನ ಫೋಕಸ್ ಮೋಡ್ ವಾಚಿಗೂ ಹರಡುವ ಹಾಗೆ ಇಟ್ಟಿರಬಹುದು, ಅದನ್ನೂ ನೋಡಿ.

ಹೆಜ್ಜೆ 3: ಬ್ಲೂಟೂತ್ ಪುಟದ ಒಳಗಿನ ಸ್ವಿಚ್‌ಗಳು

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ತೆರೆದು, ವಾಚಿನ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ. ಅಲ್ಲಿ ಫೋನ್ ಕಾಲ್ಸ್, ಮೀಡಿಯಾ ಆಡಿಯೋ, ಕಾಂಟ್ಯಾಕ್ಟ್ಸ್ ಅಂತ ಸ್ವಿಚ್‌ಗಳು ಕಾಣುತ್ತವೆ. ಫೋನ್ ಕಾಲ್ಸ್ ಆಫ್ ಇದ್ದರೆ ವಾಚಿಗೆ ಕರೆಯ ಧ್ವನಿ ಬರುವುದೇ ಇಲ್ಲ. ಫೋನ್ ಕನ್ನಡದಲ್ಲಿದ್ದರೆ ಹೆಸರು ಬೇರೆ ಇರುತ್ತದೆ, ಜಾಗ ಅದೇ.

ಕೆಲವು ವಾಚುಗಳು ಈ ಪಟ್ಟಿಯಲ್ಲಿ ಎರಡು ಹೆಸರಿನಲ್ಲಿ ಕಾಣುತ್ತವೆ. ಒಂದು ವಾಚಿನ ಹೆಸರು, ಇನ್ನೊಂದು ಅದೇ ಹೆಸರಿನ ಕೊನೆಗೆ ಕಾಲ್ ಅಥವಾ ಆಡಿಯೋ ಅಂತ ಸೇರಿಸಿದ್ದು. ನಾನು ಹೇಳಿದ ಎರಡು ದಾರಿಗಳೇ ಇವು. ಎರಡೂ ಕನೆಕ್ಟ್ ಆಗಿರಬೇಕು. ಅಮ್ಮನ ಫೋನಿನಲ್ಲಿ ಎರಡನೆಯದು ಪಟ್ಟಿಯಲ್ಲಿತ್ತು, ಕನೆಕ್ಟ್ ಆಗಿರಲಿಲ್ಲ. ಒತ್ತಿದರೂ ಸೇರಲಿಲ್ಲ. ಹಾಗಾದರೆ ಏನು ಮಾಡಬೇಕು ಅನ್ನುವುದು ಹೆಜ್ಜೆ 6ರಲ್ಲಿದೆ.

ಐಫೋನ್ ಇದ್ದು ಬೇರೆ ಕಂಪನಿಯ ವಾಚ್ ಕಟ್ಟುವವರು ಬ್ಲೂಟೂತ್ ಪಟ್ಟಿಯಲ್ಲಿ ವಾಚಿನ ಪಕ್ಕದ ಐ ಗುರುತು ಒತ್ತಿ. ಶೇರ್ ಸಿಸ್ಟಮ್ ನೋಟಿಫಿಕೇಶನ್ಸ್ ಅಂತಿದ್ದರೆ ಆನ್ ಇರಲಿ. ಬ್ಲೂಟೂತ್ ಆಫ್ ಮಾಡಿ ನೋಡುವುದಿದ್ದರೆ ಸೆಟ್ಟಿಂಗ್ಸ್ ಒಳಗಿಂದಲೇ ಮಾಡಿ. ಕಂಟ್ರೋಲ್ ಸೆಂಟರ್‌ನ ಬಟನ್ ವಾಚಿನಂಥ ಸಾಧನಗಳನ್ನು ಸ್ವಲ್ಪ ಹೊತ್ತಿಗೆ ಬಿಡಿಸುತ್ತದೆ, ಬ್ಲೂಟೂತನ್ನು ಪೂರ್ತಿ ಆಫ್ ಮಾಡುವುದಿಲ್ಲ.

ಮಾತು ಫೋನಿನಲ್ಲೋ ಇನ್ನೆಲ್ಲೋ ಕೇಳಿಸುತ್ತಿದ್ದರೆ ಇದೇ ಪಟ್ಟಿಯಲ್ಲಿ ಬೇರೆ ಯಾರು ಸೇರಿದ್ದಾರೆ ನೋಡಿ. ಕಿವಿಗೆ ಹಾಕುವ ಬಡ್ಸ್, ಕಾರಿನ ಸ್ಟೀರಿಯೋ, ಹೆಲ್ಮೆಟ್‌ನ ಬ್ಲೂಟೂತ್ ಇವೆಲ್ಲ ಕರೆಯ ಧ್ವನಿಗೆ ಪೈಪೋಟಿ ಮಾಡುತ್ತವೆ. ಡಬ್ಬಿಯಲ್ಲಿ ಸರಿಯಾಗಿ ಕೂರದ ಬಡ್ಸ್ ಕೂಡ ಫೋನಿಗೆ ಸೇರಿಕೊಂಡಿರಬಹುದು. ಅವನ್ನು ಬಿಡಿಸಿ ಪರೀಕ್ಷೆ ಮಾಡಿ. ಕರೆ ನಡೆಯುತ್ತಿರುವಾಗ ಫೋನಿನ ಪರದೆ ಮೇಲೆ ಸ್ಪೀಕರ್ ಗುರುತು ಒತ್ತಿದರೆ ಧ್ವನಿ ಎಲ್ಲಿಗೆ ಹೋಗಬೇಕು ಅಂತ ಆರಿಸಲೂ ಬಹುದು.

ಹೆಜ್ಜೆ 4: ಅನುಮತಿ ಮತ್ತು ಬ್ಯಾಟರಿ

ಆಂಡ್ರಾಯ್ಡ್ 12 ಬಂದದ್ದು 2021ರಲ್ಲಿ. ಅಲ್ಲಿಂದ ಬ್ಲೂಟೂತ್ ಬಳಸುವ ಆ್ಯಪ್‌ಗೆ ನಿಯರ್‌ಬೈ ಡಿವೈಸಸ್ ಅನ್ನುವ ಬೇರೆ ಅನುಮತಿ ಬೇಕಾಯಿತು. 2022ರ ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಕೇಳಬೇಕು. ಹಳೆಯ ಫೋನ್ ಹೊಸ ಆಂಡ್ರಾಯ್ಡ್‌ಗೆ ಏರಿದಾಗ ಪರದೆ ಮೇಲೆ ಪ್ರಶ್ನೆ ಬರುತ್ತದೆ, ನಾವು ಅವಸರದಲ್ಲಿ ಬೇಡ ಅಂತ ಒತ್ತಿರುತ್ತೇವೆ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ತಿಳಿದಿಲ್ಲ. ಕೆಲವು ತಿಂಗಳು ತೆರೆಯದ ಆ್ಯಪ್‌ನ ಅನುಮತಿಗಳನ್ನು ಆಂಡ್ರಾಯ್ಡ್ ತಾನೇ ಹಿಂದಕ್ಕೆ ತೆಗೆದುಕೊಳ್ಳಬಹುದು. ವಾಚಿನ ಆ್ಯಪನ್ನು ನಾವು ಒಂದು ಸಲ ಹಾಕಿ ಮರೆತುಬಿಡುತ್ತೇವೆ, ಅಲ್ವಾ?

ಸೆಟ್ಟಿಂಗ್ಸ್‌ನ ಆ್ಯಪ್ಸ್‌ನಲ್ಲಿ ವಾಚಿನ ಆ್ಯಪ್ ಹುಡುಕಿ, ಪರ್ಮಿಶನ್ಸ್ ತೆರೆಯಿರಿ. ಫೋನ್, ಕಾಲ್ ಲಾಗ್ಸ್, ಕಾಂಟ್ಯಾಕ್ಟ್ಸ್, ನಿಯರ್‌ಬೈ ಡಿವೈಸಸ್, ನೋಟಿಫಿಕೇಶನ್ಸ್ ಇವುಗಳಲ್ಲಿ ಯಾವುದು ಆ ಪಟ್ಟಿಯಲ್ಲಿದೆಯೋ ಅದನ್ನು ಅಲೋ ಮಾಡಿ. ಅದೇ ಪುಟದ ಕೆಳಗೆ, ಬಳಸದಿದ್ದರೆ ಅನುಮತಿ ತೆಗೆ ಅನ್ನುವ ಅರ್ಥದ ಸ್ವಿಚ್ ಇರುತ್ತದೆ. ವಾಚಿನ ಆ್ಯಪ್‌ಗೆ ಮಾತ್ರ ಅದನ್ನು ಆಫ್ ಮಾಡಿ.

ಬ್ಯಾಟರಿ ಅಂತ ಇರುವ ಕಡೆ ಅನ್‌ರಿಸ್ಟ್ರಿಕ್ಟೆಡ್ ಆರಿಸಿ. ಶಿಯೋಮಿ, ವಿವೋ, ಒಪ್ಪೊ, ರಿಯಲ್‌ಮಿ ಫೋನುಗಳಲ್ಲಿ ಆಟೋಸ್ಟಾರ್ಟ್ ಅಥವಾ ಆಟೋ ಲಾಂಚ್ ಅಂತ ಇನ್ನೊಂದು ಸ್ವಿಚ್ ಇರುತ್ತದೆ, ಅದೂ ಆನ್ ಇರಲಿ. ಬೆಳಗ್ಗೆ ಕರೆ ಬರುತ್ತೆ, ಮಧ್ಯಾಹ್ನದ ಹೊತ್ತಿಗೆ ನಿಂತುಹೋಗುತ್ತೆ ಅನ್ನುವವರಿಗೆ ಬಹುಪಾಲು ಇದೇ ಕಾರಣ. ಫೋನ್ ಬ್ಯಾಟರಿ ಉಳಿಸಲು ಆ ಆ್ಯಪನ್ನು ಮಲಗಿಸಿರುತ್ತದೆ.

ಹೆಜ್ಜೆ 5: ಎರಡು ಸಿಮ್ ಇದ್ದರೆ ಇದನ್ನು ತಪ್ಪದೆ ನೋಡಿ

ನಮ್ಮ ಊರುಗಳಲ್ಲಿ ಎರಡು ಸಿಮ್ ಇಲ್ಲದ ಫೋನ್ ಕಡಿಮೆ. ಹೊಲದಲ್ಲಿ ಒಂದು ಸಿಗುತ್ತೆ, ಮನೆಯಲ್ಲಿ ಇನ್ನೊಂದು. ಕರೆ ಮಾಡಲು ಯಾವ ಸಿಮ್ ಅಂತ ಫೋನಿನಲ್ಲಿ ಒಂದು ಸೆಟ್ಟಿಂಗ್ ಇದೆ. ಅದು 'ಪ್ರತಿ ಸಲ ಕೇಳು' ಅಂತ ಇದ್ದರೆ ವಾಚಿನಿಂದ ಮಾಡುವ ಕರೆ ಸಿಕ್ಕಿಹಾಕಿಕೊಳ್ಳುತ್ತದೆ. ನೀವು ವಾಚಿನಲ್ಲಿ ನಂಬರ್ ಒತ್ತುತ್ತೀರಿ. ಫೋನ್ ಜೇಬಿನಲ್ಲೋ ಕಿಟಕಿಯಲ್ಲೋ ಇದ್ದು, ಯಾವ ಸಿಮ್ ಅಂತ ತನ್ನ ಪರದೆ ಮೇಲೆ ಕೇಳುತ್ತಾ ಕೂರುತ್ತದೆ. ಉತ್ತರ ಕೊಡುವವರು ಯಾರೂ ಇಲ್ಲ. ವಾಚಿನಲ್ಲಿ ಕರೆ ಕಡಿದುಹೋಗುತ್ತದೆ.

ಅಮ್ಮನ ಫೋನಿನ ಎರಡನೇ ಕಾರಣ ಇದೇ ಆಗಿತ್ತು. ನಾನು ಇದನ್ನು ಕಂಡುಹಿಡಿದದ್ದೂ ಫೋನನ್ನು ಎದುರಿಗಿಟ್ಟುಕೊಂಡು ವಾಚಿನಿಂದ ಕರೆ ಮಾಡಿದಾಗ. ಪರದೆ ಮೇಲೆ ಎರಡು ಸಿಮ್ ಹೆಸರು ಬಂದು ನಿಂತಿತ್ತು.

ಸೆಟ್ಟಿಂಗ್ಸ್‌ನಲ್ಲಿ ಸಿಮ್ ಕಾರ್ಡ್ ಅಥವಾ ಮೊಬೈಲ್ ನೆಟ್‌ವರ್ಕ್ ತೆರೆದು, ಕರೆಗಳಿಗೆ ಅಂತ ಒಂದು ಸಿಮ್ ಆರಿಸಿ. ನೀವು ಹೆಚ್ಚು ಹೊತ್ತು ಕೆಲಸ ಮಾಡುವ ಜಾಗದಲ್ಲಿ ಸಿಗ್ನಲ್ ಇರುವ ಸಿಮ್ ಇರಲಿ, ರೀಚಾರ್ಜ್ ಇರುವ ಸಿಮ್ ಇರಲಿ. ಅಷ್ಟೇ ಕೆಲಸ. ಫೋನಿನ ಸಾಫ್ಟ್‌ವೇರ್ ಬದಲಾದಾಗಲೆಲ್ಲ ಇದನ್ನು ಒಮ್ಮೆ ತೆರೆದು ನೋಡುವುದು ನನಗೆ ಅಭ್ಯಾಸವಾಗಿದೆ.

ಹೆಜ್ಜೆ 6: ಜೋಡಣೆ ಬಿಡಿಸಿ ಮತ್ತೆ ಜೋಡಿಸಿ

ಇದುವರೆಗೂ ಸರಿಹೋಗದಿದ್ದರೆ ಇದು ಮುಖ್ಯ ಮದ್ದು. ಆದರೆ ಅರ್ಧ ಮಾಡಿದರೆ ಕೆಲಸಕ್ಕೆ ಬರುವುದಿಲ್ಲ.

ಮೊದಲ ಸಲ ಜೋಡಿಸುವಾಗ ಫೋನ್ ಮತ್ತು ವಾಚ್ ಒಂದು ಗುಟ್ಟಿನ ಕೀಲಿಯನ್ನು ಹಂಚಿಕೊಳ್ಳುತ್ತವೆ. ಎರಡೂ ತಮ್ಮ ತಮ್ಮ ಹತ್ತಿರ ಅದನ್ನು ಇಟ್ಟುಕೊಂಡಿರುತ್ತವೆ. ಅಪ್‌ಡೇಟ್‌ನಲ್ಲೋ ರೀಸೆಟ್‌ನಲ್ಲೋ ಒಂದು ಕಡೆಯ ಕೀಲಿ ಅಳಿಸಿಹೋದರೆ, ಇನ್ನೊಂದು ಕಡೆ ಹಳೆಯದನ್ನೇ ಹಿಡಿದು ಬಾಗಿಲು ತೆರೆಯಲು ನೋಡುತ್ತದೆ. ತೆರೆಯುವುದಿಲ್ಲ. ನಾನು ವಾಚನ್ನು ಮಾತ್ರ ರೀಸೆಟ್ ಮಾಡಿ ಫೋನಿನಲ್ಲಿ ಹಳೆಯ ಹೆಸರು ಹಾಗೇ ಬಿಟ್ಟಿದ್ದೆ. ಅದಕ್ಕೇ ಧ್ವನಿಯ ದಾರಿ ಎಷ್ಟು ಒತ್ತಿದರೂ ಸೇರಲಿಲ್ಲ. ಹಾಗಾಗಿ ಎರಡೂ ಕಡೆ ಅಳಿಸಬೇಕು.

ಮೊದಲು ಆ್ಯಪ್‌ನಲ್ಲಿ ಸಿಂಕ್ ಮಾಡಿ, ಹೆಜ್ಜೆಗಳ ಲೆಕ್ಕ ಮತ್ತಿತರ ಮಾಹಿತಿ ಫೋನಿಗೆ ಬರಲಿ. ಆಮೇಲೆ ಆ್ಯಪ್‌ನಲ್ಲಿ ಅನ್‌ಪೇರ್ ಅಥವಾ ರಿಮೂವ್ ಡಿವೈಸ್ ಒತ್ತಿ. ನಂತರ ಫೋನಿನ ಬ್ಲೂಟೂತ್ ಪಟ್ಟಿಗೆ ಹೋಗಿ ವಾಚಿನ ಹೆಸರನ್ನು ಫರ್ಗೆಟ್ ಮಾಡಿ. ಎರಡು ಹೆಸರಿದ್ದರೆ ಎರಡನ್ನೂ. ವಾಚಿನಲ್ಲೂ ಜೋಡಣೆ ತೆಗೆಯುವ ಆಯ್ಕೆ ಇದ್ದರೆ ತೆಗೆಯಿರಿ. ಎರಡನ್ನೂ ಆಫ್ ಮಾಡಿ ಆನ್ ಮಾಡಿ.

ಮತ್ತೆ ಜೋಡಿಸುವಾಗ ಆ್ಯಪ್ ಒಳಗಿಂದಲೇ ಜೋಡಿಸಿ, ನೇರ ಬ್ಲೂಟೂತ್ ಪಟ್ಟಿಯಿಂದ ಬೇಡ. ನಡುವೆ ಫೋನ್ ಒಂದೊಂದಾಗಿ ಪ್ರಶ್ನೆ ಕೇಳುತ್ತದೆ. ಕಾಂಟ್ಯಾಕ್ಟ್ಸ್ ಮತ್ತು ಕಾಲ್ ಹಿಸ್ಟರಿ ಕೊಡಲಾ ಅನ್ನುವ ಸಣ್ಣ ಚೌಕಕ್ಕೆ ಟಿಕ್ ಹಾಕಿ. ಕೆಲವು ವಾಚಿನಲ್ಲಿ ಮೆಸೇಜಿನ ಸಣ್ಣ ದಾರಿ ಜೋಡಿಸಿದ ಮೇಲೆ ಕಾಲಿಂಗ್ ಆನ್ ಮಾಡಲು ವಾಚಿನಲ್ಲೇ ಬೇರೆ ಬಟನ್ ಇರುತ್ತದೆ. ಅದನ್ನು ಒತ್ತಿದಾಗ ಎರಡನೇ ಸಲ ಪೇರ್ ಕೇಳುತ್ತದೆ, ಒಪ್ಪಿಕೊಳ್ಳಿ. ವಾಚಿನೊಳಗೆ ಇಟ್ಟುಕೊಂಡಿದ್ದ ಮೆಚ್ಚಿನ ನಂಬರುಗಳು ಹೋಗಿರಬಹುದು, ಆ್ಯಪ್‌ನಿಂದ ಮತ್ತೆ ಸೇರಿಸಿ.

ಇಷ್ಟಾದ ಮೇಲೆ ಅಮ್ಮನ ವಾಚಿಗೆ ನಾನು ಕರೆ ಮಾಡಿದೆ. ಹುಳು ಮನೆಯೊಳಗಿಂದ "ಹೇಳಪ್ಪಾ" ಅಂದರು.

ದೂರ ಮತ್ತು ಧೂಳು

ಬ್ಲೂಟೂತ್ ಸಾಮಾನ್ಯವಾಗಿ ಹತ್ತು ಮೀಟರ್‌ವರೆಗೆ ಚೆನ್ನಾಗಿ ಹಿಡಿಯುತ್ತದೆ, ಅದೂ ನಡುವೆ ಏನೂ ಇಲ್ಲದಿದ್ದರೆ. ಕಲ್ಲಿನ ಗೋಡೆ, ತಗಡಿನ ಶೀಟು, ನೀರು ತುಂಬಿದ ಡ್ರಮ್ಮು ನಡುವೆ ಬಂದರೆ ಇನ್ನೂ ಕಡಿಮೆ. ನಮ್ಮ ದೇಹವೂ ಅಡ್ಡ ಬರುತ್ತದೆ. ಮಾತು ಕಡಿದು ಕಡಿದು ಬಂದರೆ ಫೋನ್ ಇಡುವ ಜಾಗ ಬದಲಿಸಿ ನೋಡಿ. ಹಿಂದೆ ಕೇಳುತ್ತಿತ್ತು ಅಂದರೆ ಹಿಂದೆ ಫೋನ್ ಎಲ್ಲಿಡುತ್ತಿದ್ದಿರಿ ಅಂತಲೂ ಯೋಚಿಸಿ.

ವಾಚಿನ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ರಂಧ್ರ ಇರುತ್ತದೆ, ಅದೇ ಮೈಕು. ಸುಣ್ಣದ ಪುಡಿ, ಹಿಟ್ಟು, ಬೆವರು ಅಲ್ಲಿ ಕಟ್ಟಿಕೊಳ್ಳುತ್ತವೆ. ಒಣಗಿದ ಮೆತ್ತನೆಯ ಬ್ರಷ್‌ನಿಂದ ಒರೆಸಿ. ಪಿನ್ನು, ಸೂಜಿ ಹಾಕಬೇಡಿ, ಒಳಗಿನ ಪೊರೆ ತೂತಾದರೆ ಮತ್ತೆ ಸರಿ ಮಾಡಲು ಆಗುವುದಿಲ್ಲ. ನೀರು ಹೋಗಿದ್ದರೆ ಒಂದು ದಿನ ಒಣಗಲು ಬಿಡಿ.

ವಾಚಿನಲ್ಲೇ ಇ-ಸಿಮ್ ಇದ್ದರೆ

ಬೆಳಗ್ಗೆ ಫೋನ್ ಮನೆಯಲ್ಲಿ ಬಿಟ್ಟು ನಂದಿ ಬೆಟ್ಟಕ್ಕೆ ಸೈಕಲ್ ಹೊಡೆಯುವವರ ಕೈಯಲ್ಲಿ ಇಂಥ ವಾಚ್ ಇರುತ್ತದೆ. ಇ-ಸಿಮ್ ಅಂದರೆ ವಾಚಿನೊಳಗೇ ಕೂರಿಸಿರುವ ಸಿಮ್, ಹಾಗಾಗಿ ಇದು ತಾನೇ ನೆಟ್‌ವರ್ಕ್ ಹಿಡಿಯುತ್ತದೆ. ಫೋನ್ ಹತ್ತಿರ ಇದ್ದಾಗ ಕರೆ ಸರಿ, ಫೋನ್ ಬಿಟ್ಟು ಹೊರಟರೆ ಇಲ್ಲ ಅಂದರೆ ತೊಂದರೆ ಇ-ಸಿಮ್‌ನದ್ದು. ವಾಚಿನ ಸೆಟ್ಟಿಂಗ್ಸ್‌ನಲ್ಲಿ ಸೆಲ್ಯುಲಾರ್ ಅಥವಾ ಮೊಬೈಲ್ ನೆಟ್‌ವರ್ಕ್ ಆನ್ ಇದೆಯಾ, ಪ್ಲಾನ್ ಕಾಣುತ್ತಿದೆಯಾ ನೋಡಿ. ಫೋನಿನ ಸಿಮ್ ಮತ್ತು ವಾಚಿನ ಪ್ಲಾನ್ ಒಂದೇ ಕಂಪನಿಯದ್ದಾಗಿರಬೇಕು. ನೀವು ಇತ್ತೀಚೆಗೆ ಪೋರ್ಟ್ ಮಾಡಿಸಿದ್ದರೆ ತಪ್ಪು ಅಪ್‌ಡೇಟ್‌ನದ್ದಲ್ಲ.

ಇಂಥ ವಾಚನ್ನು ಅನ್‌ಪೇರ್ ಅಥವಾ ರೀಸೆಟ್ ಮಾಡುವಾಗ ಪ್ಲಾನ್ ಉಳಿಸಲಾ, ತೆಗೆಯಲಾ ಅಂತ ಕೇಳಿದರೆ ಉಳಿಸಿ ಅಂತಲೇ ಒತ್ತಿ. ತೆಗೆದರೆ ಮತ್ತೆ ಕಂಪನಿಯಿಂದ ಹೊಸದಾಗಿ ಹಾಕಿಸಬೇಕು. ಆ್ಯಪಲ್ ವಾಚನ್ನು ಐಫೋನಿನ ವಾಚ್ ಆ್ಯಪ್‌ನಿಂದ ಅನ್‌ಪೇರ್ ಮಾಡಿದರೆ ಅದು ಬ್ಯಾಕಪ್ ತೆಗೆದುಕೊಂಡೇ ಅಳಿಸುತ್ತದೆ, ಆ ದಾರಿಯೇ ಒಳ್ಳೆಯದು.

"ನಿಮ್ಮ ಇ-ಸಿಮ್ ಅಪ್‌ಡೇಟ್ ಮಾಡುತ್ತೇವೆ, ಬಂದ ಓಟಿಪಿ ಹೇಳಿ" ಅಂತ ಯಾರಾದರೂ ಕರೆ ಮಾಡಿದರೆ ಕೊಡಬೇಡಿ. ಆ ಓಟಿಪಿಯಿಂದ ನಿಮ್ಮ ನಂಬರ್ ಅವರ ಫೋನಿಗೆ ಹೋಗುತ್ತದೆ, ಹಿಂದೆಯೇ ಬ್ಯಾಂಕಿನ ಓಟಿಪಿಗಳೂ ಹೋಗುತ್ತವೆ. ಹಣ ಹೋಗಿದೆ ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಯ ಎರಡು ದಾರಿ

ಒಂದು, ವಾಚನ್ನು ಮನೆಯ ಇನ್ನೊಂದು ಫೋನಿಗೆ ಜೋಡಿಸಿ ನೋಡಿ. ಅಲ್ಲಿ ಕರೆ ಸರಿ ಬಂದರೆ ವಾಚ್ ಚೆನ್ನಾಗಿದೆ, ನಿಮ್ಮ ಫೋನಿನಲ್ಲಿ ಬ್ಲೂಟೂತ್ ಮತ್ತು ವೈಫೈ ರೀಸೆಟ್ ಮಾಡಿ. ಉಳಿಸಿದ ವೈಫೈ ಪಾಸ್‌ವರ್ಡ್‌ಗಳು ಅಳಿಸಿಹೋಗುತ್ತವೆ, ಬರೆದಿಟ್ಟುಕೊಳ್ಳಿ. ಅಲ್ಲೂ ಬರದಿದ್ದರೆ ಮಾತ್ರ ವಾಚನ್ನು ರೀಸೆಟ್ ಮಾಡಿ, ಅದಕ್ಕೂ ಮುಂಚೆ ಫೋನಿನಲ್ಲಿ ಫರ್ಗೆಟ್ ಮಾಡುವುದು ಮರೆಯಬೇಡಿ. ಹಳೆಯ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ ಅನ್ನುವ ಯಾವುದೋ ಫೈಲ್ ಇಳಿಸಿಕೊಳ್ಳಬೇಡಿ. ವಾಚ್ ಆನ್ ಆಗದೇ ಹೋದೀತು.

ಎರಡು, ಸರ್ವೀಸ್ ಸೆಂಟರ್. ನಮ್ಮ ಕಡೆಯಿಂದ ಅದಕ್ಕೆ ಬೆಂಗಳೂರಿಗೆ ಹೋಗಬೇಕಾದರೆ ಒಂದು ದಿನದ ಕೆಲಸ ಕೆಡುತ್ತದೆ, ಆದ್ದರಿಂದ ಸಿದ್ಧವಾಗಿ ಹೋಗಿ. ಬಿಲ್ಲು, ಜೋಡಿಸಿದ ಫೋನು, ಚಾರ್ಜರ್ ಇರಲಿ. ಅಪ್‌ಡೇಟ್ ಆದ ದಿನ, ವಾಚಿನ ಅಬೌಟ್ ಪುಟದಲ್ಲಿರುವ ವರ್ಶನ್ ನಂಬರ್, ಮೇಲೆ ಹೇಳಿದ ಯಾವ ತೊಂದರೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಕರೆ ಕಡಿಯುವುದನ್ನು ಬೇರೆ ಫೋನಿನಲ್ಲಿ ವಿಡಿಯೋ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಅಲ್ಲಿ ಹೋದಾಗ ಅದು ಸರಿಯಾಗಿಯೇ ನಡೆದುಬಿಡುತ್ತದೆ. ವಾರಂಟಿ ಇದ್ದೂ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ನೆಟ್‌ವರ್ಕ್ ಕಂಪನಿಯ ಮೇಲಿನ ದೂರಿಗೆ 198.

ಇನ್ನು ಮುಂದಿನ ಅಪ್‌ಡೇಟ್. ಸುರಕ್ಷತೆಯ ತಿದ್ದುಪಡಿಗಳು ಅದರಲ್ಲೇ ಬರುವುದರಿಂದ ಹಾಕಲೇಬೇಕು, ಆದರೆ ದಿನ ನಾವು ಆರಿಸಬಹುದು. ಆಟೋ ಅಪ್‌ಡೇಟ್ ಆಫ್ ಇಟ್ಟಿದ್ದೇನೆ. ಹುಳು ನಾಲ್ಕನೇ ಜ್ವರ ಎದ್ದಲ್ಲಿಂದ ಗೂಡು ಬಿಡಿಸಿ ಮಾರುಕಟ್ಟೆಗೆ ಹೋಗಿ ಬರುವವರೆಗೆ ವಾಚನ್ನಾಗಲಿ ಅಮ್ಮನ ಫೋನನ್ನಾಗಲಿ ಮುಟ್ಟುವುದಿಲ್ಲ. ಹುಳು ಮನೆ ತೊಳೆದು ಖಾಲಿ ಬಿಟ್ಟಿರುವ ದಿನಗಳಲ್ಲಿ, ಬೆಳಗಿನ ಹೊತ್ತು, ವಾಚ್ ಚಾರ್ಜ್‌ನಲ್ಲಿಟ್ಟು ಅಪ್‌ಡೇಟ್ ಹಾಕುತ್ತೇನೆ. ಮುಗಿದ ತಕ್ಷಣ ಒಂದು ಕರೆ ಒಳಗೆ, ಒಂದು ಕರೆ ಹೊರಗೆ ಮಾಡಿ ನೋಡುತ್ತೇನೆ.